ಜಪಾನ್ ಮಾವನವರ ನಾಲ್ವರು ಹಿರಿಯರು

ಸತ್ತೇಹೋಗಿದ್ದ ಒಂದು ಟೇಪ್‌ರೆಕಾರ್ಡರಿಗೆ ಮರಳಿ ಜೀವ ಕೊಟ್ಟ ದಿನವನ್ನು ಜಪಾನ್ ಮಾವನವರು ಎಂದೂ ಮರೆತವರಲ್ಲ. ಬೀದಿಯವರನ್ನು ಮರೆಯಲು ಬಿಟ್ಟವರೂ ಅಲ್ಲ. ಆಗ ಅವರಿನ್ನೂ ಯಾರ ಮಾವನೂ ಆಗಿರಲಿಲ್ಲ. ಇಬ್ಬರು ಒಳಗೆ ನಿಂತರೆ ಮೂರನೆಯವನು ಬಾಗಿಲಾಚೆಯೇ ಉಳಿಯಬೇಕಾದಷ್ಟು ಕಿರಿದಾದ ಅಂಗಡಿಯಲ್ಲಿ ರೇಡಿಯೋ, ಫ್ಯಾನು, ಇಸ್ತ್ರಿಪೆಟ್ಟಿಗೆಗಳನ್ನು ರಿಪೇರಿ ಮಾಡಿಕೊಂಡಿದ್ದ ತರುಣ. ಒಂದು ಬೆಳಿಗ್ಗೆ ಬಂದರಿನ ಗುಮಾಸ್ತರ ಮಗಳು ಜಪಾನೀ ಟೇಪ್‌ರೆಕಾರ್ಡರೊಂದನ್ನು ಕಾಯಿಲೆಯ ಕೂಸಿನಂತೆ ಎತ್ತಿಕೊಂಡು ಬಂದು ಮೇಜಿನ ಮೇಲೆ ಮಲಗಿಸಿದಳು. ಹಡಗಿನ ಅಡುಗೆಯವನೊಬ್ಬ ಅವಳ ತಂದೆಗೆ ಕೊಟ್ಟಿದ್ದ ಯಂತ್ರವಂತೆ. ಕಪಾಟಿನ ಮೇಲಿಂದ ತಾನಾಗಿಯೇ ಬಿದ್ದಿತಂತೆ. ಉಳಿದ ರಿಪೇರಿಯವರೆಲ್ಲ ಅದನ್ನು ಬಿಚ್ಚಿ, ನೋಡಿ, ಕೈಚೆಲ್ಲಿ, ಮತ್ತೆ ಮುಚ್ಚಿ ಕೊಟ್ಟಿದ್ದರು. ಅವರಲ್ಲೊಬ್ಬ ಮಹಾಶಯ ಮೋಟಾರಿನ ತುದಿಯಲ್ಲಿ ತಿರುಗುವ ಪುಟ್ಟ ಚಕ್ರವನ್ನೇ ಎಲ್ಲೋ ಕಳೆದುಹಾಕಿದ್ದ. ಸಾಲದ್ದಕ್ಕೆ ಒಳಗೊಂದು ಕ್ಯಾಸೆಟ್ಟು ಸಿಕ್ಕಿಬಿದ್ದಿತ್ತು. ಮುಚ್ಚಳ ಜಪ್ಪಯ್ಯ ಎಂದರೂ ತೆರೆಯುತ್ತಿರಲಿಲ್ಲ.

"ಆಗಲ್ಲ ಅನ್ನೋದಾದ್ರೆ ಈಗ್ಲೇ ಹೇಳಿಬಿಡಿ," ಎಂದಳು ಹುಡುಗಿ.

ಆಗುವುದಿಲ್ಲವೆಂದೇ ಹೇಳಲು ಬಾಯಿ ತೆರೆದಿದ್ದ ತರುಣ, ಅವಳ ಮುಖ ನೋಡಿ, ಆಗುತ್ತದೆ ಎಂದುಬಿಟ್ಟ. ಮನುಷ್ಯಕುಲದ ಅನೇಕ ಮಹತ್ಸಾಧನೆಗಳ ಮೂಲದಲ್ಲಿ ಇಂಥದೇ ಒಂದು ಆತುರದ ಮಾತಿರುತ್ತದೆ.

ಎದುರಂಗಡಿಯ ದರ್ಜಿ ತನ್ನ ಹಳೆಯ ಹೊಲಿಗೆ ಯಂತ್ರದಿಂದ ಒಂದು ಹಿತ್ತಾಳೆಯ ಚಕ್ರವನ್ನು ಕಿತ್ತುಕೊಟ್ಟ. ಸೈಕಲ್ ಟ್ಯೂಬನ್ನು ದಾರದಷ್ಟು ಸಪೂರಕ್ಕೆ ಕತ್ತರಿಸಿ ಬೆಲ್ಟು ಮಾಡಿದ್ದಾಯಿತು. ಯಂತ್ರ ಹೊರಟ ಕೂಡಲೇ ಬೆಲ್ಟು ಚಕ್ರದಿಂದ ಹಾರಿ ತರುಣನ ಮೂಗಿಗೆ ಬಡಿಯಿತು. ಚಕ್ರ ದೊಡ್ಡದಾಯಿತೆಂದು ಅವನು ಅರದಿಂದ ಉಜ್ಜಿದ. ಬೆಲ್ಟು ಮತ್ತೆ ಹಾರಿತು, ಮತ್ತೆ ಉಜ್ಜಿದ. ಬೆರಳ ಚರ್ಮವೂ ಹಿತ್ತಾಳೆಯೂ ಸಮಸಮನಾಗಿ ಸವೆದವು. ಕೊನೆಗೊಂದು ದಿನ ಬೆಲ್ಟು ಹಾರುವುದನ್ನು ಬಿಟ್ಟು ತಿರುಗತೊಡಗಿತು, ಹುಡುಗಿಯ ಕಣ್ಣೆದುರಿನಲ್ಲೇ ಯಂತ್ರ ಹಾಡಿತು.

ಎಂಥ ಹಾಡು! ನಾಲ್ಕು ಗಂಡುಧ್ವನಿಗಳು, ಒಂದಕ್ಕಿಂತ ಒಂದು ಆಳ, ಒಂದಕ್ಕಿಂತ ಒಂದು ದಣಿದವು. ಆನೆಯೊಂದು ಮೆಟ್ಟಿಲು ಹತ್ತುತ್ತಿರುವಂಥ ಡ್ರಮ್ಮು. ಗುಡುಗಲೋ ಬೇಡವೋ ಎಂದು ಮೋಡ ಯೋಚಿಸುತ್ತಿರುವಂಥ ಗಿಟಾರು. ಹುಡುಗಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜಗಳು ಅದುರುತ್ತಿದ್ದವು. ಹಾಡಿಗೆ ಹೀಗೆ ಅಳಬಲ್ಲ ಹೆಣ್ಣು ಲೋಕದಲ್ಲಿ ಇನ್ನೊಬ್ಬಳಿರಲಾರಳೆಂದು ತರುಣ ಆ ಕ್ಷಣದಲ್ಲೇ ತೀರ್ಮಾನಿಸಿದ. ಬಹಳ ಹೊತ್ತಿನ ಮೇಲೆ ಅವಳು ಕೆಂಪಗಾದ ಕಣ್ಣುಗಳನ್ನು ಒರೆಸಿಕೊಂಡು, ತುಂಬಾ ಚೆನ್ನಾಗಿದೆ, ಇನ್ನು ಮುಂದೆ ಈ ಮೆಷಿನ್ನನ್ನು ಯಾರೂ ಬಿಚ್ಚಬಾರದು ಎಂದಳು. ತರುಣ ಅವಳನ್ನೇ ಮದುವೆಯಾದ ಮೇಲೆ ಯಂತ್ರ ಅವಳ ಜೊತೆಯಲ್ಲೇ ಅವನ ಬಳಿಗೆ ಮರಳಿತು. ಅಂದಿನಿಂದ ಇಂದಿನವರೆಗೆ ಅದು ಆ ಒಂದೇ ಕ್ಯಾಸೆಟ್ಟನ್ನು ಹಾಡುತ್ತ ಬಂದಿದೆ.

ಹಾಡುವವರು ಜಪಾನಿನ ಒಂದು ರಾಕ್ ತಂಡದವರೆಂದು ಹೆಂಡತಿಯೇ ಒಮ್ಮೆ ಹೇಳಿದ್ದರು. ಬೇರೆ ದೇಶಗಳ ರಾಕ್ ಸಂಗೀತ ಬರೀ ಗದ್ದಲವೆಂದು ಕೇಳಿದ್ದ ಮಾವನವರು, ಜಪಾನಿನವರು ಅದನ್ನೂ ಎಷ್ಟು ಗಾಂಭೀರ್ಯಕ್ಕೆ ಏರಿಸಿದ್ದಾರೆ ನೋಡಿ ಎಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಅವರಿಗೆ ಜಪಾನೀ ಭಾಷೆಯ ಗಂಧಗಾಳಿಯೂ ಇರಲಿಲ್ಲ. ಆ ದೇಶವನ್ನು ಅವರು ಕಂಡದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ. ಆದರೆ ಭಾವಕ್ಕೆ ಭಾಷೆ ಏಕೆ? ಗಾಯಕರಿಗೆ 'ಹಿರಿಯರು' ಎಂದು ಅವರೇ ಹೆಸರಿಟ್ಟರು. ಹಾಡುಗಳಿಗೂ ಅವರೇ ನಾಮಕರಣ ಮಾಡಿದರು. ಮೊದಲನೆಯದು 'ಕಾಯುವ ಹಾಡು': ಕೊನೆಯ ರೈಲೂ ಹೋದ ಮೇಲೆ ಬೆಂಚಿನ ಮೇಲೆ ಕುಳಿತೇ ಇರುವ ವೃದ್ಧನೊಬ್ಬ ಅದರಲ್ಲಿ ಕಾಣುತ್ತಿದ್ದ. ಎರಡನೆಯದು 'ಕ್ಷಮೆಯ ಹಾಡು'. ಮಾವನವರು ಜಗಳವಾಡಿದಾಗಲೆಲ್ಲ, ತಪ್ಪಾಯಿತು ಎನ್ನುವ ಬದಲು ಅದನ್ನು ಹಾಕುತ್ತಿದ್ದರು. ಅಡುಗೆಮನೆಯ ಪಾತ್ರೆಗಳ ಸದ್ದು ಮೆಲ್ಲಗೆ ಇಳಿಯುತ್ತಿತ್ತು. ಮೂರನೆಯದು 'ಮಲಗಿಸುವ ಹಾಡು'. ಅದನ್ನು ಕೇಳಿ ಮೊದಲು ಮಗಳು, ಮುಂದೆ ಮಗಳ ಮಗಳು, ಇಬ್ಬರೂ ತೊಟ್ಟಿಲಲ್ಲಿ ನಿದ್ದೆಹೋದವರು. ಎದುರಂಗಡಿಯ ದರ್ಜಿಯಂತೂ ಅಣ್ಣ ತೀರಿಕೊಂಡ ವರ್ಷವಿಡೀ ಸಂಜೆ ಸಂಜೆ ಬಂದು ಕಾಯುವ ಹಾಡನ್ನು ಕೇಳಿ, ಕಣ್ಣೊರೆಸಿಕೊಂಡು, ಹೋಗಿ ಕಾಜಾ ಹೊಲಿಯುತ್ತಿದ್ದ.

ಇಂತಿಪ್ಪ ಕಾಲದಲ್ಲಿ ಗ್ರಂಥಾಲಯದ ಅಧಿಕಾರಿಗಳು ತಮ್ಮ ಟೇಬಲ್ ಫ್ಯಾನನ್ನು ರಿಪೇರಿಗೆ ತಂದರು. ಹೊಸದಾಗಿ ವರ್ಗವಾಗಿ ಬಂದವರು. ಪ್ರತಿ ಶನಿವಾರ ಮಧ್ಯಾಹ್ನ ಒಂದು ಉಪನ್ಯಾಸ ಏರ್ಪಡಿಸಿಯೇ ತೀರುವೆನೆಂದು ಮೇಲಿನವರಿಗೆ ಬರೆದುಕೊಟ್ಟು, ಈಗ ಉಪನ್ಯಾಸಕರು ಸಿಗದೆ ಕಂಗಾಲಾಗಿದ್ದವರು. ಫ್ಯಾನು ರಿಪೇರಿಯಾಗುವಷ್ಟು ಹೊತ್ತು ಅವರು ಹಿರಿಯರನ್ನು ಕೇಳಿದರು. ಇದರ ಬಗ್ಗೆ ತಮಗೆ ಆಳವಾದ ಅಭ್ಯಾಸವಿರಬೇಕಲ್ಲ ಎಂದು ವಿಚಾರಿಸಿದರು. ಅಲ್ಲೇ ನಮ್ಮ ಮಾವನವರು ಎಡವಿದ್ದು. ಇಲ್ಲ ಸರ್, ಸುಮ್ಮನೆ ಕೇಳುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಅವರು ಕನ್ನಡಕ ತೆಗೆದು, ಅದನ್ನು ಒರೆಸಿ, ಮತ್ತೆ ಹಾಕಿಕೊಂಡು, ಒಂದಿಷ್ಟು ಇದೆ ಎಂದರು.

"ಗಾಯಕರು ಈಗ್ಲೂ ಇದ್ದಾರಾ?"

"ಎಲ್ಲಿ ಸರ್," ಎಂದರು ಮಾವನವರು ನಿಟ್ಟುಸಿರಿಟ್ಟು. "ಹಾಡಿದಾಗ್ಲೇ ತುಂಬಾ ವಯಸ್ಸಾಗಿತ್ತು."

ವಾರದೊಳಗೆ ಗ್ರಂಥಾಲಯದ ಬಾಗಿಲಲ್ಲಿ ಫಲಕವೆದ್ದಿತು: 'ಜಪಾನಿನ ಅಗಲಿದ ಹಿರಿಯರ ಶೋಕಗೀತೆಗಳು: ಪ್ರಾತ್ಯಕ್ಷಿಕೆ ಸಹಿತ ಉಪನ್ಯಾಸ.' ಅಗಲಿದವರೆಂದ ಮೇಲೆ ಮೌನಾಚರಣೆ ಬೇಕು. ಮೌನಾಚರಣೆಯೆಂದ ಮೇಲೆ ಎದುರಿಗೊಂದು ಭಾವಚಿತ್ರ ಬೇಕು. ಅಧಿಕಾರಿಗಳು ಶಾಲೆಯ ಡ್ರಾಯಿಂಗ್ ಮೇಷ್ಟ್ರನ್ನು ಮಾವನವರ ಮನೆಗೇ ಕಳುಹಿಸಿದರು. ಮೇಷ್ಟ್ರು ಪಡಸಾಲೆಯಲ್ಲಿ ಕ್ಯಾನ್ವಾಸು ನಿಲ್ಲಿಸಿಕೊಂಡು, ಗಡ್ಡವಿತ್ತೇ ಎಂದು ಕೇಳಿದರು.

"ಧ್ವನಿ ಕೇಳಿದ್ರೆ ಗೊತ್ತಾಗಲ್ವಾ ಮೇಷ್ಟ್ರೇ? ಗಡ್ಡ ಇಲ್ದೆ ಹಾಗೆ ಹಾಡೋಕೆ ಬರಲ್ಲ."

ಹೀಗೆ ನಾಲ್ವರಿಗೂ ಎದೆಯವರೆಗೆ ಗಡ್ಡ ಇಳಿಯಿತು. ಡ್ರಮ್ಮು ಬಾರಿಸುವವನು ಪ್ರತಿ ಸಲವೂ ಒಂದು ಕ್ಷಣ ಹಿಂದೆ ಬೀಳುತ್ತಾನಾದ್ದರಿಂದ ಕಾಲುನೋವಿದ್ದಿರಬೇಕೆಂದು ಅವನ ಕೈಗೊಂದು ಊರುಗೋಲು ಬಂತು. ಕಾಫಿ ತಂದ ಹೆಂಡತಿ ಚಿತ್ರವನ್ನು ನೋಡಿದವರೇ ಲೋಟಗಳನ್ನು ದಡಕ್ಕನೆ ಇಟ್ಟು ಒಳಗೆ ಹೋದರು. ಅಡುಗೆಮನೆಯಿಂದ ಬಹಳ ಹೊತ್ತು ಕೆಮ್ಮು ಕೇಳಿಸುತ್ತಿತ್ತು. ಅವಳಿಗೆ ಹಿರಿಯರೆಂದರೆ ಮೊದಲಿನಿಂದಲೂ ಕರುಳು ಹಿಂಡುತ್ತದೆ ಎಂದು ಮಾವನವರು ಮೇಷ್ಟ್ರಿಗೆ ವಿವರಿಸಿದರು.

ಕಾಲೇಜಿಗೆ ಹೋಗುವ ಮೊಮ್ಮಗಳು ತಾತನಿಗೆ ನೆರವಾಗಲೆಂದು, ಹಾಡು ಕೇಳಿಸಿದರೆ ಹಾಡಿದವರ ಹೆಸರು ಹೇಳುವ ತನ್ನ ಫೋನನ್ನು ಯಂತ್ರದ ಮುಂದೆ ಹಿಡಿದಳು. ಫೋನು ಎಷ್ಟೋ ಹೊತ್ತು ಕಿವಿಗೊಟ್ಟು, ಇಂಥ ಹಾಡು ಈ ಲೋಕದಲ್ಲಿಲ್ಲವೆಂದು ಕೈಮುಗಿಯಿತು. ಮಾವನವರ ಎದೆ ಇನ್ನಷ್ಟು ಉಬ್ಬಿತು. ಇಡೀ ಪ್ರಪಂಚ ಕಳೆದುಕೊಂಡದ್ದು ತಮ್ಮೊಬ್ಬರ ಮನೆಯಲ್ಲಿ ಉಳಿದಿದೆ! ಇಷ್ಟು ಕಾಲ ಫ್ಯಾನಿನ ಧೂಳು ಒರೆಸಿದ ಕೈಗೆ ಈಗ ಮೈಕು ಬರಲಿದೆ. ಅಂದು ಕಿರಿದಾದ ಅಂಗಡಿಯಲ್ಲಿ ಮಾಡಿದ ಆ ಒಂದು ಕೆಲಸ ಎಂಥದೆಂದು ಊರಿಗೆಲ್ಲ ಗೊತ್ತಾಗಲಿದೆ. ಬಾಳಿನಲ್ಲಿ ಒಂದನ್ನಾದರೂ ಸರಿಯಾಗಿ ಮಾಡಿದೆನೆಂದು ಹತ್ತು ಜನರ ಮುಂದೆ ನಿಲ್ಲುವ ಆಸೆ ಯಾರಿಗಿಲ್ಲ?

ಹೆಂಡತಿ ಮಾತ್ರ ಹಿಂದಿನ ದಿನದಿಂದ ಒಂದೇ ರಾಗ ಎಳೆಯುತ್ತಿದ್ದರು. "ರೀ, ಮೆಷಿನ್ನು ನಿಮ್ಮ ಕೈಯಲ್ಲೇ ಇರ್ಲಿ. ಬೇರೆಯವರು ಮುಟ್ಟದ ಹಾಗೆ ನೋಡ್ಕೊಳ್ಳಿ." ಕಾರಣ ಕೇಳಿದರೆ, ವಯಸ್ಸಾಗಿದೆ ಪಾಪ ಎನ್ನುತ್ತಿದ್ದರು. ಯಂತ್ರಕ್ಕೋ ತಮಗೋ ಎಂದು ಮಾವನವರು ಕೇಳಲಿಲ್ಲ.

ಶನಿವಾರ ಗ್ರಂಥಾಲಯದ ಸಭಾಂಗಣ ಕಿಕ್ಕಿರಿದಿತ್ತು. ದರ್ಜಿ ತನ್ನ ಖರ್ಚಿನಲ್ಲೇ ಕಪ್ಪು ಬಟ್ಟೆಯ ತೋಳುಪಟ್ಟಿಗಳನ್ನು ಹೊಲಿದು ತಂದು, ಬೇಡವೆಂದವರಿಗೂ ಕಟ್ಟಿದ್ದ. ವೇದಿಕೆಯ ಮೇಲೆ ನಾಲ್ವರು ಗಡ್ಡಧಾರಿಗಳು ಹೂವುಗಳ ನಡುವಿನಿಂದ ಸಭೆಯನ್ನು ದುರುಗುಟ್ಟಿ ನೋಡುತ್ತಿದ್ದರು. ಮಾವನವರು ಯಂತ್ರವನ್ನು ಬೆಳಿಗ್ಗೆಯೇ ತಂದು ಮೇಜಿನ ಮೇಲಿಟ್ಟು, ಒಂದೇ ಒಂದು ಸಲ, ಕೋಟಿನ ಗುಂಡಿ ಬಿಗಿಸಿಕೊಳ್ಳಲು ಮನೆಗೆ ಹೋಗಿ ಬಂದಿದ್ದರು. ಅಷ್ಟೇ ಸಾಕಾಗಿತ್ತು.

ಎಲ್ಲರೂ ಎದ್ದು ನಿಂತು ಅಗಲಿದ ಹಿರಿಯರಿಗಾಗಿ ಮೌನ ಆಚರಿಸಿದರು. ಮಾವನವರು ಭಾವಗಳ ಬಗ್ಗೆ ಮಾತನಾಡಿದರು. ಬೆಂಚಿನ ಮೇಲಿನ ವೃದ್ಧನ ಬಳಿಗೆ ಬಂದಾಗ ಮೂರನೆಯ ಸಾಲಿನಲ್ಲಿ ಯಾರೋ ಮೂಗೆಳೆದರು. ಇನ್ನು ಹಾಡು ಕೇಳೋಣವೆಂದು ಅವರು ಯಂತ್ರದತ್ತ ತಿರುಗುವಷ್ಟರಲ್ಲಿ ಅಧಿಕಾರಿಗಳು ಮುಗುಳ್ನಗುತ್ತ ಮೈಕಿನ ಮುಂದೆ ಬಂದರು. ಪುರಾತನವಾದ ಯಂತ್ರಕ್ಕೆ ಶ್ರಮ ಕೊಡಬಾರದೆಂಬ ಕಾಳಜಿಯಿಂದ, ತಾವೇ ಸ್ವತಃ ಸ್ಕ್ರೂಡ್ರೈವರ್ ಹಿಡಿದು ಮುಚ್ಚಳವನ್ನು ಮೀಟಿ, ಕ್ಯಾಸೆಟ್ಟನ್ನು ಹೊರತೆಗೆದು, ಗ್ರಂಥಾಲಯದ ಉತ್ತಮ ದರ್ಜೆಯ ಯಂತ್ರಕ್ಕೆ ಹಾಕಿರುವುದಾಗಿ ಘೋಷಿಸಿದರು. ಸಭೆ ಚಪ್ಪಾಳೆ ತಟ್ಟಿತು.

ಮೊದಲ ಸಾಲಿನಲ್ಲಿ ಮಾವನವರ ಹೆಂಡತಿ ದಿಗ್ಗನೆ ಎದ್ದರು. "ಬೇಡ ಸಾರ್. ಹಳೇದ್ರಲ್ಲೇ ಹಾಕಿ, ಹಳೇದ್ರಲ್ಲೇ," ಎನ್ನುವಷ್ಟರಲ್ಲಿ ಅಧಿಕಾರಿಗಳ ಬೆರಳು ಗುಂಡಿಯನ್ನು ಒತ್ತಿಯಾಗಿತ್ತು.

ಆಮೇಲೆ ನಡೆದದ್ದನ್ನು ಉಪಮೆಯಿಲ್ಲದೆ ಹೇಳುವುದು ಕಷ್ಟ. ತಗಡಿನ ಡಬ್ಬಗಳ ಗಾಡಿಯೊಂದು ಮೆಟ್ಟಿಲ ಮೇಲಿಂದ ಉರುಳಿದಂತೆ ಡ್ರಮ್ಮು ಸಿಡಿಯಿತು. ಹಿಂದೆಯೇ ಗಿಟಾರು ಬಸ್ಸು ತಪ್ಪಿಸಿಕೊಂಡವರ ಹಾಗೆ ಓಡಿಬಂತು. ಅದರ ಮೇಲೆ ನಾಲ್ವರು ಹುಡುಗಿಯರು, ಹೌದು, ಎಳೆಯ ಹುಡುಗಿಯರು, ಕೇಕೆ ಹಾಕಿ, ನಕ್ಕು, ಒಬ್ಬರ ಸಾಲನ್ನು ಇನ್ನೊಬ್ಬರು ಕಿತ್ತುಕೊಂಡು ಹಾಡತೊಡಗಿದರು. ಕಿಟಕಿಯ ಗಾಜು ಗಡಗಡ ಎಂದಿತು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ನ್ಯಾಯಾಧೀಶರ ಬಲಗಾಲು ಅವರ ಅನುಮತಿ ಕೇಳದೆ ತಾಳ ಹಾಕಲು ಶುರುಮಾಡಿತು. ಅವರು ಅದನ್ನು ಎಡಗಾಲಿನಿಂದ ಅದುಮಿ ಹಿಡಿದರು. ದರ್ಜಿ ಒಮ್ಮೆ ಸ್ಪೀಕರನ್ನು, ಒಮ್ಮೆ ಗಡ್ಡಗಳನ್ನು, ಒಮ್ಮೆ ತನ್ನ ತೋಳುಪಟ್ಟಿಯನ್ನು ನೋಡಿದ.

ನಿಮ್ಮ ಮೆಷಿನ್ನಿನ ಓಟ ಜಾಸ್ತಿಯಾಗಿದೆ ಸರ್ ಎಂದರು ಮಾವನವರು ಬೆವರೊರೆಸಿಕೊಳ್ಳುತ್ತ. ಅಧಿಕಾರಿಗಳಿಗೆ ಅವಮಾನವಾಯಿತು. ಅವರು ಹಾಡನ್ನು ನಿಲ್ಲಿಸಿ, ತಾವು ಅಧಿಕಾರ ವಹಿಸಿಕೊಂಡ ದಿನ ಮಾಡಿದ ಭಾಷಣದ ಕ್ಯಾಸೆಟ್ಟನ್ನು ಅದೇ ಯಂತ್ರಕ್ಕೆ ಹಾಕಿದರು. ಭಾಷಣ ಯಥಾವತ್ತಾಗಿ ಬಂತು. ಎಷ್ಟು ಯಥಾವತ್ತಾಗಿ ಬಂತೆಂದರೆ, ಯಂತ್ರದ ಓಟ ಸರಿಯಾಗಿದೆಯೆಂದು ಸಭೆ ಒಕ್ಕೊರಲಿನಿಂದ ಒಪ್ಪಿ, ದಯವಿಟ್ಟು ನಿಲ್ಲಿಸಿ ಎಂದು ಬೇಡಿಕೊಂಡಿತು.

"ಹಾಗಾದ್ರೆ," ಎಂದರು ಮಾವನವರು, ಮುಳುಗುವವರ ಧ್ವನಿಯಲ್ಲಿ, "ಇವರು ಹಿರಿಯರ ಮೊಮ್ಮಕ್ಕಳಿರಬೇಕು."

ಅಷ್ಟರಲ್ಲಿ ಮೊಮ್ಮಗಳ ಫೋನು, ಯಾರೂ ಕೇಳದಿದ್ದರೂ, ಹಾಡನ್ನು ಕಣ್ಣುಮಿಟುಕಿಸುವುದರೊಳಗೆ ಗುರುತಿಸಿತ್ತು. ಶಾಲೆಯ ಗೆಳತಿಯರು ಸೇರಿ ಕಟ್ಟಿದ ತಂಡ. ಹಾಡಿದಾಗ ಇಪ್ಪತ್ತರ ಆಸುಪಾಸು. ಅವಳು ಪರದೆಯನ್ನು ತಾತನ ಮುಂದೆ ಹಿಡಿದಳು. ಕುತ್ತಿಗೆಯವರೆಗೆ ಕೂದಲು ಕತ್ತರಿಸಿಕೊಂಡ ನಾಲ್ವರು ಗಾಳಿಯಲ್ಲಿ ಎಗರಿದ್ದ ಹಳೆಯ ಚಿತ್ರ. ಅದರ ಪಕ್ಕದಲ್ಲಿ, ಕೂದಲು ನರೆತ ಅವರೇ ನಾಲ್ವರು ಅದೇ ಎತ್ತರಕ್ಕೆ ಎಗರಿದ್ದ ಹೊಸ ಚಿತ್ರ.

"ತಾತ, ನಾಲ್ಕೂ ಜನ ಚೆನ್ನಾಗಿದ್ದಾರೆ," ಎಂದಳು ಮೆಲ್ಲಗೆ, ಸಮಾಧಾನವಾಗಲೆಂದು.

ಮೈಕು ಹತ್ತಿರವೇ ಇತ್ತು. ಮಾತು ಸಭೆಗೆಲ್ಲ ಕೇಳಿಸಿತು. ಹಾಗಾದರೆ ನಾವು ಯಾರಿಗಾಗಿ ಎದ್ದು ನಿಂತಿದ್ದು ಎಂದು ಹಿಂದಿನ ಸಾಲಿನವರೊಬ್ಬರು ಕೇಳಿದರು. ಬದುಕಿರುವವರಿಗೆ ಆಚರಿಸಿದ ಮೌನವನ್ನು ಹಿಂದಕ್ಕೆ ಪಡೆಯಬಹುದೇ ಎಂಬ ಪ್ರಶ್ನೆಯೆದ್ದಿತು. ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವಿಲ್ಲ, ಬೇಕಾದರೆ ಸಮನಾದ ಗದ್ದಲವನ್ನು ಆಚರಿಸಬಹುದು ಎಂದು ನಿವೃತ್ತ ನ್ಯಾಯಾಧೀಶರು ಅಭಿಪ್ರಾಯಪಟ್ಟರು. ಅಲ್ಲಿಯವರೆಗೆ ತಡೆದುಕೊಂಡಿದ್ದ ಸಭೆ ಆಗ ನಗತೊಡಗಿತು. ಡ್ರಾಯಿಂಗ್ ಮೇಷ್ಟ್ರು ಮಾತ್ರ ನಗಲಿಲ್ಲ. ಎಣ್ಣೆ ಬಣ್ಣದ ಗಡ್ಡ, ಕೆರೆದರೆ ಮುಖವೂ ಕಿತ್ತುಬರುತ್ತದೆ ಎಂದು ಅವರು ಪಕ್ಕದವರಲ್ಲಿ ತೋಡಿಕೊಳ್ಳುತ್ತಿದ್ದರು.

ಮಾವನವರು ಕ್ಯಾಸೆಟ್ಟನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಮುಚ್ಚಳ ತೆರೆದ ಯಂತ್ರವನ್ನು ಎದೆಗವಚಿಕೊಂಡು ಹೊರನಡೆದರು.

ಇನ್ನೂ ಬಿಸಿಲಿತ್ತು. ಕಾಲಕ್ರಮೇಣ ತುಸು ಅಗಲಗೊಂಡಿದ್ದ ಅಂಗಡಿಯ ಅರ್ಧ ಬಾಗಿಲು ಎಳೆದು ಅವರು ಯಂತ್ರವನ್ನು ಬಿಚ್ಚಿದರು. ಹೆಚ್ಚು ಹೊತ್ತು ನೋಡಬೇಕಾಗಲಿಲ್ಲ. ಆ ಹಿತ್ತಾಳೆಯ ಚಕ್ರ ಅಲ್ಲೇ ಕುಳಿತಿತ್ತು, ಇರಬೇಕಾದದ್ದಕ್ಕಿಂತ ಎಷ್ಟೋ ಸಣ್ಣದಾಗಿ. ಚಕ್ರ ಸಣ್ಣದಾದಷ್ಟೂ ಟೇಪು ನಿಧಾನವಾಗುತ್ತದೆ. ಟೇಪು ನಿಧಾನವಾದಷ್ಟೂ ಧ್ವನಿ ಇಳಿಯುತ್ತದೆ. ಇದು ರಿಪೇರಿ ಕಲಿಯುವವನು ಮೊದಲ ತಿಂಗಳಲ್ಲೇ ಅರಿಯುವ ವಿಷಯ. ಆಗ ಅವರು ದಿನಗಟ್ಟಲೆ ಉಜ್ಜಿದ್ದರಲ್ಲ, ಬೆಲ್ಟು ಹಾರದಿರಲೆಂದು! ಒಂದೊಂದು ಉಜ್ಜಿಗೂ ಆ ಹುಡುಗಿಯರಿಗೆ ವಯಸ್ಸು ಏರಿತ್ತು, ಗಡ್ಡ ಬೆಳೆದಿತ್ತು. ಸಭೆ ನಕ್ಕದ್ದು ಅವರಿಗೆ ಅಷ್ಟು ನೋಯಲಿಲ್ಲ. ಬಾಳಿನಲ್ಲಿ ಸರಿಯಾಗಿ ಮಾಡಿದ ಒಂದೇ ಒಂದು ಕೆಲಸವೂ ತಪ್ಪಾಗಿತ್ತಲ್ಲ, ಅದು ನೋಯಿತು. ಮದುವೆಗೆ ಕಾರಣವಾದ ಹಾಡು, ಮಗಳನ್ನು ಮಲಗಿಸಿದ ಹಾಡು, ಯಾವುದೂ ಇರಲೇ ಇಲ್ಲವೆಂದಾಯಿತಲ್ಲ. ಪೆಟ್ಟಿಗೆಯಿಂದ ಒಂದು ದಪ್ಪ ಹಿತ್ತಾಳೆಯ ತುಂಡನ್ನು ಹುಡುಕಿ, ಮೇಜಿಗೆ ಜೋಡಿಸಿದ ಇಕ್ಕಳಕ್ಕೆ ಬಿಗಿದು, ಅವರು ಅರವನ್ನು ಎತ್ತಿಕೊಂಡರು.

"ಏನು ಮಾಡ್ತಿದ್ದೀರಿ?"

ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಮೊಮ್ಮಗಳು.

"ಸರಿ ಮಾಡ್ತಿದ್ದೀನಿ. ಅವತ್ತೇ ಮಾಡಬೇಕಾಗಿತ್ತು."

"ಮುಟ್ಟಬೇಡಿ ಅಂತ ಅವತ್ತೇ ಹೇಳಿದ್ನಲ್ಲ."

ಮಾವನವರ ಕೈಯಲ್ಲಿನ ಅರ ಗಾಳಿಯಲ್ಲೇ ನಿಂತಿತು. ಗ್ರಂಥಾಲಯದಲ್ಲಿ ಗುಂಡಿ ಒತ್ತುವ ಮೊದಲೇ ಹೆಂಡತಿ ಎದ್ದದ್ದು, ಅಡುಗೆಮನೆಯ ಕೆಮ್ಮು, ಎಲ್ಲವೂ ಅವರ ತಲೆಯಲ್ಲಿ ಸಾಲಾಗಿ ಬಂದು ನಿಂತವು. ಬೆಲ್ಟು ಚಕ್ರದ ಮೇಲೆ ಕೂರುವಂತೆ, ತುಸು ತಡವಾಗಿ, ವಿಷಯ ಕೂತಿತು.

"ನಿಂಗೆ ಗೊತ್ತಿತ್ತಾ?"

"ಕ್ಯಾಸೆಟ್ಟು ಯಾರದ್ದು ರೀ? ನಂದು." ಹೆಂಡತಿ ಗಿರಾಕಿಗಳ ಸ್ಟೂಲನ್ನು ಎಳೆದು ಕುಳಿತರು. "ಮೆಷಿನ್ನು ಕಪಾಟಿಂದ ತಾನಾಗಿ ಬೀಳ್ಲಿಲ್ಲ. ಆ ಹಾಡಿಗೆ ಬಾಗಿಲು ಹಾಕ್ಕೊಂಡು ಕುಣೀತಿದ್ದೆ. ಕೈ ತಾಗಿ ಬಿತ್ತು. ಅಪ್ಪನಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಮೊಮ್ಮಗಳು ಅಜ್ಜಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಮಾವನವರು ಎಲ್ಲಕ್ಕಿಂತ ಮುಖ್ಯವಾದುದನ್ನು ಕೇಳಿದರು.

"ಅವತ್ತು ನೀನು ಅತ್ತಿದ್ದು?"

"ಅಳ್ಲಿಲ್ಲ ರೀ." ಹೆಂಡತಿಯ ತುಟಿ ಈಗಲೂ ಅದುರಿತು. "ನಗ್ತಿದ್ದೆ. ಕರವಸ್ತ್ರ ಬಾಯೊಳಗೆ ತುರುಕ್ಕೊಂಡು ನಗ್ತಿದ್ದೆ. ಉಸಿರು ಕಟ್ಟಿ ಸಾಯ್ತೀನೇನೋ ಅನ್ನಿಸ್ತು."

"ಹೇಳಬಹುದಾಗಿತ್ತಲ್ಲ."

"ಹೇಳೋಣ ಅಂತ್ಲೇ ತಲೆ ಎತ್ತಿದೆ. ನೋಡಿದ್ರೆ ನಿಮ್ಮ ಬೆರಳೆಲ್ಲ ಕಿತ್ತುಹೋಗಿತ್ತು, ಮೂಗಿನ ಮೇಲೆ ಬೆಲ್ಟಿನ ಬರೆ. ಮುಖ ಮಾತ್ರ ಪರೀಕ್ಷೇಲಿ ಪಾಸಾದ ಹುಡುಗನ ಹಾಗೆ. ಹೆಂಗೆ ಹೇಳ್ಲಿ? ಊರೆಲ್ಲ ಆಗಲ್ಲ ಅಂದಿದ್ದನ್ನ ನೀವೊಬ್ರೇ ಓಡಿಸಿದ್ರಿ. ಓಡ್ತಲ್ಲ? ಇವತ್ತಿನವರೆಗೂ ನಿಂತಿಲ್ವಲ್ಲ?"

"ನಿಧಾನವಾಗಿ ಓಡ್ತು."

"ಓಡ್ಲಿ ಬಿಡಿ. ಆಮೇಲೆ ಆಮೇಲೆ ನಂಗೂ ಅದೇ ಹಿತವಾಯ್ತು. ಮಗಳಿಗೆ ಜ್ವರ ಬಂದಾಗ ಆ ಹುಡುಗೀರು ಬಂದಿದ್ರೆ ಮಗು ಮಲಗ್ತಿತ್ತಾ? ನಿಮ್ಮ ಮುದುಕರೇ ಮಲಗಿಸಿದ್ದು."

ಅಷ್ಟರಲ್ಲಿ ಅರ್ಧ ಬಾಗಿಲ ಸಂದಿನಿಂದ ಒಂದು ತಲೆ ತೂರಿಬಂತು. ದರ್ಜಿ. ತೋಳಿನಲ್ಲಿ ಇನ್ನೂ ಕಪ್ಪು ಪಟ್ಟಿ. ಅವನು ಒಳಗಿದ್ದವರನ್ನೆಲ್ಲ ನೋಡಿ, ಗಂಟಲು ಸರಿಮಾಡಿಕೊಂಡು, ಇಕ್ಕಳದಲ್ಲಿದ್ದ ಹೊಸ ಹಿತ್ತಾಳೆಯ ತುಂಡನ್ನು ಕಂಡು ಗಾಬರಿಯಾದ.

"ಮಾವ, ಅದನ್ನ ಬದಲಾಯಿಸ್ಬೇಡಿ. ಆ ಹುಡುಗೀರು ಚೆನ್ನಾಗೇ ಹಾಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮಣ್ಣನ್ನ ನೆನೆಸ್ಕೊಳ್ಳೋಕೆ ಅವರು ಪುರುಸೊತ್ತೇ ಕೊಡಲ್ಲ. ನನ್ನ ಮುದುಕರನ್ನ ವಾಪಸ್ ಕೊಡಿ." ಸ್ವಲ್ಪ ತಡೆದು, ಹಕ್ಕಿನ ಧ್ವನಿಯಲ್ಲಿ ಸೇರಿಸಿದ: "ಚಕ್ರ ನಂದೇ ಅಲ್ವಾ."

ಮಾವನವರು ಅರವನ್ನು ಕೆಳಗಿಟ್ಟರು. ಜೇಬಿನಿಂದ ಕ್ಯಾಸೆಟ್ಟನ್ನು ತೆಗೆದು, ಅಂಗಿಗೆ ಒರೆಸಿ, ಯಂತ್ರದೊಳಗಿಟ್ಟು, ಮುರಿದ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಬೆಲ್ಟು ಒಮ್ಮೆ ನಡುಗಿತು, ಹಾರಲಿಲ್ಲ. ಆನೆ ಮೆಟ್ಟಿಲು ಹತ್ತತೊಡಗಿತು. ಮೋಡ ಯೋಚನೆಗೆ ಕುಳಿತಿತು. ಬಹುದೂರದಿಂದ, ಯಾವ ಅವಸರವೂ ಇಲ್ಲದೆ, ನಾಲ್ವರು ಹಿರಿಯರು ಒಬ್ಬೊಬ್ಬರಾಗಿ ಬಂದರು. ದರ್ಜಿ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡ. ಹೆಂಡತಿಯ ಪಾದದ ತುದಿ ಮಾತ್ರ ಸ್ಟೂಲಿನ ಕೆಳಗೆ ಸದ್ದಿಲ್ಲದೆ ಇನ್ನೊಂದು ಓಟದಲ್ಲಿ ಕುಣಿಯುತ್ತಿತ್ತು. ಮಾವನವರು ಅದನ್ನು ಕಂಡರು. ಇಷ್ಟು ವರ್ಷ ಹಾಡಿಗೆ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರಲ್ಲದೆ ಒಮ್ಮೆಯೂ ಕೆಳಗೆ ನೋಡಿದವರಲ್ಲ.

ಹಾಡು ಮುಗಿಯಿತು. ಮುಚ್ಚಳ ಒತ್ತಿ ಹಿಡಿದ ಹೆಬ್ಬೆರಳನ್ನು ಅವರು ತೆಗೆದಿರಲಿಲ್ಲ. ಮೊಮ್ಮಗಳು ಬಂದು ಅಲ್ಲಿ ತನ್ನ ಬೆರಳನ್ನಿಟ್ಟು, ತಾತನ ಕೈಯನ್ನು ಬಿಡಿಸಿದಳು.

"ತಾತ, ಮೆಷಿನ್ನು ರಿಪೇರಿ ಮಾಡಿದ ಕಥೆ ಇನ್ನೊಂದು ಸಲ ಹೇಳಿ. ಮೊದಲಿಂದ. ಅಜ್ಜಿ ಕರವಸ್ತ್ರ ತೆಗೆಯೋ ಜಾಗದಲ್ಲಿ ಮಾತ್ರ ನೀವು ನಿಲ್ಲಿಸಬೇಕು. ಅಲ್ಲಿಂದ ಅಜ್ಜಿ ಹೇಳ್ಲಿ."